ಮೌತ್‌ಪೀಸ್ ಯಾವುದು? ಮೊದಲು ಎಲ್ಲಿ ನುಡಿಸ್ತೀರಿ ಹೇಳ್ರಿ 🎷 (ಭಾಗ 4)

ಬರಾತಿನ ಬ್ಯಾಂಡಿನಾಗ ಸ್ಯಾಕ್ಸೋಫೋನ್ ಕೇಳಿ "ಎಷ್ಟು ಕರ್ಕಶ ಅದನೋ" ಅಂತ ನಗೋ ದೋಸ್ತರಿಗೆ ಇವತ್ತಿನ ಪೋಸ್ಟ್.

ನನ್ನ ಪ್ರಕಾರ ಅದು ಕರ್ಕಶ ಅಲ್ಲ, ಲೆಕ್ಕಾಚಾರ. ಡೋಲು, ತಾಶಾ, ಹಾರ್ನ್ ಎಲ್ಲದರ ನಡುವ ಭಾಲ್ಕಿ ಬಜಾರಿನಾಗ ಹಾಡು ಕೇಳಬೇಕಂದ್ರ ದನಿಗೆ ಚೂಪು ಬೇಕೇ ಬೇಕು. ಅದೇ ದನಿ ಬೀದರ್ ರಂಗಮಂದಿರದೊಳಗ ಕಿವಿಗೆ ಚುಚ್ಚತದ. ತಪ್ಪು ದನಿದಲ್ಲ, ಜಾಗದ್ದು.

ಈ ಬಣ್ಣ ಹೆಚ್ಚಾಗಿ ತೀರ್ಮಾನ ಆಗೋದು ಬಾಯಾಗ ಹಿಡಿಯೋ ಆ ಸಣ್ಣ ತುಂಡಿನಾಗ. ನೋಡಬೇಕಾದ್ದು ಮೂರು:

👉 ಟಿಪ್ ಓಪನಿಂಗ್: ರೀಡ್ ತುದಿಗೂ ಮೌತ್‌ಪೀಸ್ ತುದಿಗೂ ನಡುವಿನ ಸಂದು. ಅಗಲ ಇದ್ರ ದನಿ ದೊಡ್ಡದು, ಆದ್ರ ಉಸಿರು ಜಾಸ್ತಿ ಬೇಕು, ಹಿಡಿತ ಕಷ್ಟ. ಕಿರಿದಾದ್ರ ಮೆಲ್ಲಗೆ ನುಡಿಸೋದು ಸುಲಭ.
👉 ಬ್ಯಾಫಲ್: ರೀಡಿನ ಎದುರಿಗಿರೋ ಒಳಮೈ. ಎತ್ತರ ಇದ್ರ ಚೂಪು, ತಗ್ಗಿದ್ರ ಮೃದು.
👉 ಚೇಂಬರ್: ಒಳಗಿನ ಟೊಳ್ಳು. ದೊಡ್ಡದಿದ್ರ ದನಿ ದುಂಡಗೆ, ಗಾಢವಾಗಿ ಬರ್ತದ.

1846ರಲ್ಲಿ ಪೇಟೆಂಟ್ ಪಡೆದ ಅಡಾಲ್ಫ್ ಸ್ಯಾಕ್ಸ್ ಮಾಡಿದ ಮೌತ್‌ಪೀಸ್‌ಗಳ ಚೇಂಬರ್ ದೊಡ್ಡದು, ದುಂಡಗಿತ್ತು. ಮುಂದ ಜಾಝ್, ಡ್ಯಾನ್ಸ್ ಬ್ಯಾಂಡ್‌ಗಳಿಗೆ ಜೋರು ದನಿ ಬೇಕಾಯ್ತು, ಒಳಗಿನ ಆಕಾರವೂ ಬದಲಾಯ್ತು.

ಕ್ಲಾಸಿಕಲ್ ಕಲಿಯೋರು ಆಲ್ಟೋಗೆ ಹೆಚ್ಚಾಗಿ ಹೇಳೋ ಹೆಸರು ಸೆಲ್ಮರ್ ಎಸ್80 ಸಿ ಸ್ಟಾರ್. ಅದರ ಸಂದು 1.70 ಮಿಮೀ. ಕಲಿಯೋರ ಯಮಹಾ 4ಸಿದು 1.60 ಮಿಮೀ. ಸಂದಿನ ಫರಕ್ ಬರೀ 0.10 ಮಿಮೀ! ಒಳಗಿನ ಆಕಾರ ಬೇರೆ ಅದ, ಖರೆ. ಆದ್ರ ಮೊದಲನೇ ವರ್ಷದಾಗ ಆ ಫರಕ್ಕಿಗಿಂತ ನಿಮ್ಮ ತುಟಿ, ಉಸಿರಿನ ಫರಕ್ಕೇ ದೊಡ್ಡದು. ಬಿಕಾಂ ಭಾಷೆದಾಗ ಹೇಳಬೇಕಂದ್ರ ಮೌತ್‌ಪೀಸ್ ಫಿಕ್ಸೆಡ್ ಅಸೆಟ್, ರೀಡ್ ದಿನದ ಖರ್ಚು. ಕೈಯಾಗ 4ಸಿ ಇದ್ರ ಮೊದಲು ಒಳ್ಳೆ ರೀಡಿಗೆ ರೊಕ್ಕ ಹಾಕ್ರಿ.

ನಮ್ಮ ಕದ್ರಿ ಗೋಪಾಲನಾಥರನ್ನ ನೆನಸ್ಕೊಳ್ರಿ. ಮೈಸೂರು ಅರಮನೆ ಬ್ಯಾಂಡಿನಾಗ ಕೇಳಿದ ವಾದ್ಯವನ್ನ ಕರ್ನಾಟಕ ಸಂಗೀತಕ್ಕ ಒಗ್ಗುವಂಗ ಮಾರ್ಪಡಿಸಿಕೊಂಡ್ರು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ತನಕ ಹೋದ್ರು. ಅವರು ಯುರೋಪಿನ ದನಿ ನಕಲು ಮಾಡಲಿಲ್ಲ. ಗಮಕ ಏನು ಕೇಳ್ತದೋ ಅದನ್ನ ವಾದ್ಯಕ್ಕ ಕಲಿಸಿದ್ರು.

ಹಂಗಾಗಿ "ಬೆಸ್ಟ್ ಮೌತ್‌ಪೀಸ್ ಯಾವುದು" ಅನ್ನೋ ಪ್ರಶ್ನೆನೇ ಅರ್ಧ. ಅಂಗಡಿಗೆ ಹೋದ್ರ ನಿಮ್ಮದೇ ರೀಡ್ ಒಯ್ರಿ. ಒಂದೇ ಸ್ವರ ಮೆಲ್ಲಗೆ, ಆಮೇಲೆ ಜೋರಾಗಿ ನುಡಿಸ್ರಿ. ಮೊಬೈಲ್ ದೂರ ಇಟ್ಟು ರೆಕಾರ್ಡ್ ಮಾಡ್ರಿ. ಯಾಕಂದ್ರ ನುಡಿಸೋರ ಕಿವಿಗೆ ಒಂದು ದನಿ, ಕೇಳೋರಿಗೆ ಇನ್ನೊಂದು.

ಮುಂದಿನ ಬರಾತಿನಾಗ ನಗೋ ಬದಲು ಬ್ಯಾಂಡಿನ ಕಾಕಾನ್ನ ಕೇಳ್ರಿ: "ಯಾವ ಮೌತ್‌ಪೀಸ್ ರೀ, ಯಾಕ ಅದೇ?" ಉತ್ತರ ಕಾಮೆಂಟಿನಾಗ ಹಾಕ್ರಿ. 👇

#ಸ್ಯಾಕ್ಸ್‌ಮಾತು #ಭಾಲ್ಕಿ #ಬೀದರ್