ಚಡ್ಡಿ ಕೊಂದ ವಿಲನ್ ಯಾರು?

ಗೆಳೆಯರೇ, ಈ ವಾರ ಯಾವ ತಾರೆಯ ಮದುವೆಯ ಸುದ್ದಿಯೂ ಇಲ್ಲ, ಯಾರ ಮುನಿಸಿನ ಗುಟ್ಟೂ ಇಲ್ಲ. ಈ ವಾರ ನನ್ನ ಅಂಕಣದ ಹೀರೋ ಒಂದು ಚಡ್ಡಿ! ನಗಬೇಡಿ. ಪುಟ ತಿರುವಿ ನಾಯಕಿಯ ಬಣ್ಣದ ಚಿತ್ರಕ್ಕೂ ಓಡಬೇಡಿ. ಬಸ್ಸು ಬರಲು ಇನ್ನೂ ಹೊತ್ತಿದೆ, ಶೇಂಗಾ ತಿನ್ನುತ್ತ ಓದಿ.

ನಾನು ಗಬ್ಬೂರಿನವ ಎಂಬುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಹುಬ್ಬಳ್ಳಿಯ ಅಂಚಿನ ಊರು. ಬೆಂಗಳೂರು-ಪುಣೆ ಹೆದ್ದಾರಿಯ ಲಾರಿಗಳು ನಮ್ಮ ತಲೆಯ ಬಳಿಯೇ ಹಾಯ್ದು ನರೇಂದ್ರದ ಕಡೆಗೆ ಬೈಪಾಸ್ ಹಿಡಿಯುತ್ತವೆ. ಅಲ್ಲೊಂದು ಗ್ಯಾರೇಜಿನಲ್ಲಿ ನನ್ನ ಅಕ್ಕನ ಮಗ ಕೆಲಸಕ್ಕಿದ್ದಾನೆ. ವಯಸ್ಸು ಇಪ್ಪತ್ತೊಂದು. ಎದೆ ಅಗಲ, ಮಾತು ಕಡಿಮೆ. ಹುಡುಗನಿಗೆ ಒಂದೇ ಕನಸು. ಕಾರವಾರದ ಕಡೆ ಸಮುದ್ರದಂಡೆಯಲ್ಲಿ ಲೈಫ್ ಗಾರ್ಡ್ ಆಗಬೇಕು. ಗ್ರೀಸು ತೊಳೆದು ತೊಳೆದು ಸಾಕಾಗಿದೆಯಂತೆ.

ಈಜು ಅವನಿಗೆ ಹೊಸದಲ್ಲ. ನಾನೇ ಬೆನ್ನಿಗೆ ಡಬ್ಬಿ ಕಟ್ಟಿ ಹೊಲದ ಬಾವಿಗೆ ನೂಕಿದ್ದೆ. ಆದರೆ ಬಾವಿಯ ಈಜು ಬೇರೆ, ಗಡಿಯಾರ ಹಿಡಿದು ನೋಡುವ ಪರೀಕ್ಷೆಯ ಈಜು ಬೇರೆ. ಅದಕ್ಕೇ ನಸುಕಿನಲ್ಲಿ ಎದ್ದು ಹುಬ್ಬಳ್ಳಿಯ ಈಜುಕೊಳಕ್ಕೆ ಹೋಗಿ, ಒಂದು ತಾಸು ಈಜಿ, ಅಲ್ಲಿಂದ ನೇರ ಗ್ಯಾರೇಜಿಗೆ ಬರುತ್ತಿದ್ದ. ಬಾವಿಗಾದರೆ ಹಳೆಯ ಅರಿವೆಯ ಚಡ್ಡಿ ನಡೆಯುತ್ತದೆ. ಕೊಳದಲ್ಲಿ ಅದು ನಡೆಯುವುದಿಲ್ಲ. ಹತ್ತಿಯ ಎಳೆ, ಬಣ್ಣ ನೀರಿಗೆ ಬಿಟ್ಟು ಫಿಲ್ಟರಿಗೆ ಸೇರುತ್ತದೆಂದು ಬಾಗಿಲಲ್ಲೇ ತಡೆಯುತ್ತಾರೆ. ಹೀಗಾಗಿ ಎರಡು ದಿನದ ಪಗಾರ ಕೊಟ್ಟು ಒಂದು ನೀಲಿ ಈಜುಡುಗೆ ಕೊಂಡ. ಮೈಗೆ ಹಾವಿನ ಪೊರೆಯಂತೆ ಅಂಟುವ ಮಾಲು! ಟಾರ್ಜನ್ ಕೂಡ ನೋಡಿ ಹೊಟ್ಟೆಕಿಚ್ಚು ಪಡಬೇಕು.

(ಟಾರ್ಜನ್ ಎಂದಾಗ ನೆನಪಾಯಿತು. ಆ ಜಾನಿ ವೈಸ್‌ಮುಲ್ಲರ್ ಬರೀ ನಟ ಅಲ್ಲ. 1924ರ ಪ್ಯಾರಿಸ್, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ಗಳಲ್ಲಿ ಈಜಿ ಐದು ಚಿನ್ನ ಗೆದ್ದ ಮೇಲೆಯೇ 1932ರಲ್ಲಿ ಟಾರ್ಜನ್ ಆಗಿ ತೆರೆಗೆ ಬಂದದ್ದು. ನಮ್ಮ ಕನ್ನಡದಲ್ಲಿ ಈಜುಡುಗೆಯ ಮಾತು ಬಂದರೆ 1965ರ 'ಮಿಸ್ ಲೀಲಾವತಿ'ಯ ಜಯಂತಿಯವರ ಹೆಸರು ಮೊದಲು. ಬಾಂಬೆಯಲ್ಲಿ ಶರ್ಮಿಳಾ ಟ್ಯಾಗೋರ್ 'ಆ್ಯನ್ ಈವನಿಂಗ್ ಇನ್ ಪ್ಯಾರಿಸ್'ನಲ್ಲಿ ಗಲಾಟೆ ಎಬ್ಬಿಸಿದ್ದು 1967ರಲ್ಲಿ. ಅಂದರೆ ನಮ್ಮವರು ಎರಡು ವರ್ಷ ಮುಂದೆ!)

ಸರಿ, ಕಥೆಗೆ ಬರೋಣ. ಮೂರು ತಿಂಗಳು ಎಲ್ಲ ಚೆನ್ನಾಗಿತ್ತು. ನಾಲ್ಕನೇ ತಿಂಗಳ ಒಂದು ಭಾನುವಾರ ಹುಡುಗ ಕೊಳದ ಅಂಚು ಹಿಡಿದು ಮೇಲೆದ್ದ. ಹಿಂದಿನಿಂದ ಶಿಳ್ಳೆ! ಗಾಂಧಿ ಕ್ಲಾಸಿನಲ್ಲಿ ಹೀರೋ ಎಂಟ್ರಿಗೆ ಬೀಳುವಂಥ ಶಿಳ್ಳೆ. ಇವನು ತಿರುಗಿ ನೋಡುತ್ತಾನೆ, ಹುಡುಗರೆಲ್ಲ ಇವನನ್ನೇ ನೋಡಿ ನಗುತ್ತಿದ್ದಾರೆ. ಈಜುಡುಗೆಯ ಹಿಂಭಾಗ ಸೊಳ್ಳೆಪರದೆಯ ಹಾಗೆ ತೆಳುವಾಗಿ ಎಲ್ಲವೂ ಕಾಣುತ್ತಿತ್ತು. ಟಾವೆಲ್ ಸುತ್ತಿಕೊಂಡು ಹೊರಬಿದ್ದವನು ಹದಿನೈದು ದಿನ ಕೊಳದ ಕಡೆ ತಲೆ ಹಾಕಲಿಲ್ಲ. ಪರೀಕ್ಷೆಗೆ ಉಳಿದದ್ದು ಮೂರೇ ತಿಂಗಳು.

ನನಗೆ ಗೊತ್ತಾದದ್ದು ಚಹಾದಂಗಡಿಯಲ್ಲಿ.

"ಯಾಕಲೇ ತಮ್ಮಾ, ಈಜ ಬಿಟ್ಟೀ ಏನ?"

"ಚಡ್ಡಿ ಹೋತು ಮಾಮಾ."

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಹುಡುಗನ ಕಣ್ಣು ಕೆಂಪಾಗಿತ್ತು. ಅವನ ಪಗಾರದಲ್ಲಿ ಮನೆ ನಡೆಯಬೇಕು. ಮೂರು ತಿಂಗಳಿಗೊಂದು ಚಡ್ಡಿ ಕೊಳ್ಳುವ ಶೋಕಿ ಅವನಿಗೆ ಎಲ್ಲಿಂದ ಬರಬೇಕು? "ಹೊಸಾದು ನಾ ಕೊಡಸ್ತೀನಿ. ಆದರ ಹಳೇದು ಹೆಂಗ ಸತ್ತಿತು ಅನ್ನೂದು ಮೊದಲ ಗೊತ್ತಾಗಬೇಕು" ಎಂದೆ. ಸಿ.ಐ.ಡಿ. ಚಿತ್ರಗಳನ್ನು ನೋಡಿ ಬೆಳೆದವನು ನಾನು, ಸುಮ್ಮನೆ ಬಿಡುತ್ತೇನೆಯೇ? ಅಲ್ಲೇ ವಿಚಾರಣೆ ಶುರು.

"ಈಜಿ ಮ್ಯಾಲ ಬಂದ ಕೂಡಲೇ ಏನ ಮಾಡ್ತಿದ್ದಿ?"

"ಜಾಡಿಸಿ ಹಿಂಡಿ ಕ್ಯಾರಿಬ್ಯಾಗಿಗೆ ಹಾಕ್ಕೊಂಡು ಬರ್ತಿದ್ದೆ."

"ಆಮ್ಯಾಲ?"

"ಗ್ಯಾರೇಜಿನ್ಯಾಗ ಮೊಳಿಗೆ ಹಾಕ್ತಿದ್ದೆ. ಸಂಜೀಕ ಮನಿಗೆ."

"ಮನ್ಯಾಗ?"

"ಅವ್ವ ಗ್ಯಾರೇಜಿನ ಅರಬಿ ಜೋಡಿ ಸೋಡಾ, ಸಬಕಾರ ಹಾಕಿದ ಬಿಸಿನೀರಾಗ ನೆನಿ ಇಡತಿದ್ಲು. ಕಲ್ಲಿಗೆ ಒಗದು ತಗಡಿನ ಮ್ಯಾಲ ಒಣಾಕತಿದ್ಲು."

ಸ್ವಾಮೀ, ಒಂದು ಕೊಲೆಗೆ ಎಷ್ಟು ಆಯುಧ ಬೇಕು? ಬಡಪಾಯಿ ಚಡ್ಡಿಯನ್ನು ಹಿಂಡಿ, ಉಸಿರುಗಟ್ಟಿಸಿ, ಬೇಯಿಸಿ, ಬಡಿದು, ಕೊನೆಗೆ ಸುಟ್ಟಿದ್ದಾರೆ! ಆದರೂ ಎಲ್ಲರೂ ಬೊಟ್ಟು ಮಾಡುವುದು ಕ್ಲೋರಿನ್ ಕಡೆಗೇ.

ಕ್ಲೋರಿನ್ ಅಪರಾಧಿ ಅಲ್ಲ ಎಂದು ನಾನು ಹೇಳುತ್ತಿಲ್ಲ. ಮೈಗಂಟುವ ಈಜುಡುಗೆಗಳಲ್ಲಿ ನೈಲಾನ್ ಅಥವಾ ಪಾಲಿಯೆಸ್ಟರ್ ಜೊತೆಗೆ ಸ್ಪ್ಯಾಂಡೆಕ್ಸ್ ಎಂಬ ಎಳೆ ಸೇರಿರುತ್ತದೆ. ಲೈಕ್ರಾ ಎಂದರೂ ಅದೇ ಜಾತಿ. 1958ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದದ್ದು. ಎಳೆದರೆ ಐದು ಪಟ್ಟು ಉದ್ದವಾಗಿ, ಬಿಟ್ಟರೆ ತಿರುಗಿ ಮೊದಲಿನ ಅಳತೆಗೆ ಬರುತ್ತದೆ. ಕೊಳದ ನೀರಿನ ಕ್ಲೋರಿನ್ ಈ ಎಳೆಯ ಕಣಗಳ ಸರಪಳಿಯನ್ನು ಒಂದೊಂದೇ ಕೊಂಡಿ ಕಡಿಯುತ್ತ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಸೊಂಟ ಸಡಿಲವಾಗುತ್ತದೆ, ಕೊನೆಗೆ ಕುಳಿತು ಎದ್ದು ತಿಕ್ಕುವ ಜಾಗ ಜಾಳಾಗುತ್ತದೆ. ಹಾಗಂತ ಕ್ಲೋರಿನ್ ಇಲ್ಲದ ಕೊಳಕ್ಕೆ ಇಳಿಯುವ ಧೈರ್ಯ ಮಾಡಬೇಡಿ. ನೂರಾರು ಜನ ಮುಳುಗೇಳುವ ನೀರಿನಲ್ಲಿ ರೋಗಾಣು ಕೊಲ್ಲುವವನು ಅವನೊಬ್ಬನೇ. ನಮ್ಮ ವಜ್ರಮುನಿಯವರ ಹಾಗೆ, ತೆರೆಯ ಮೇಲೆ ಖಳ, ಹೊರಗೆ ಬೇಕಾದ ಮನುಷ್ಯ!

ಕೊಳದೊಳಗಿನ ಒಂದು ತಾಸು ನಮ್ಮ ಕೈಯಲ್ಲಿಲ್ಲ. ಆದರೆ ಉಳಿದ ಇಪ್ಪತ್ಮೂರು ತಾಸು? ಅದು ಪೂರ್ತಿ ನಮ್ಮ ಕೈಯಲ್ಲೇ ಇದೆ. ನಮ್ಮ ಹುಡುಗನ ಚಡ್ಡಿ ಅರ್ಧ ಸತ್ತದ್ದು ಕೊಳದಲ್ಲಿ, ಇನ್ನರ್ಧ ಸತ್ತದ್ದು ಗಬ್ಬೂರಿನಲ್ಲಿ.

ಇದನ್ನು ನನಗೆ ಬಿಡಿಸಿ ಹೇಳಿದವರು ಹುಬ್ಬಳ್ಳಿಯ ಒಬ್ಬ ಹಿರಿಯರು. ಕಪ್ಪು-ಬಿಳುಪಿನ ಕಾಲದಿಂದ ಫೋಟೋ ಸ್ಟುಡಿಯೋ ನಡೆಸಿದವರು. ನಾವೆಲ್ಲ ಸ್ಟುಡಿಯೋ ಕಾಕಾ ಎನ್ನುತ್ತೇವೆ. ಹೊಸ ಚಡ್ಡಿಯ ವಿಷಯ ಹೇಳಿದಾಗ ಕಾಕಾ ಕೇಳಿದ ಮೊದಲ ಪ್ರಶ್ನೆ, "ನೀರಿಗೆ ಇಳಿಯೂಕಿಂತ ಮೊದಲ ಜಳಕ ಮಾಡ್ತಾನೋ ಇಲ್ಲೋ?"

ಇಲ್ಲವಂತೆ. ಎಣ್ಣೆ ಹಚ್ಚಿದ ತಲೆಯಲ್ಲೇ ನೇರ ಡೈವು.

ಅಲ್ಲೇ ಎರಡು ತಪ್ಪು. ಒಣ ಅರಿವೆ ಬಾಯಾರಿದವನ ಹಾಗೆ, ಮೊದಲು ಸಿಕ್ಕ ನೀರನ್ನು ಹೀರುತ್ತದೆ. ಕೊಳಕ್ಕೆ ಇಳಿಯುವ ಮುಂಚೆ ಶವರಿನ ಕೆಳಗೆ ನಿಂತು ಈಜುಡುಗೆಯನ್ನು ಚೆನ್ನಾಗಿ ತೋಯಿಸಿದರೆ ಎಳೆಗಳ ಹೊಟ್ಟೆ ಒಳ್ಳೆಯ ನೀರಿನಿಂದ ತುಂಬಿರುತ್ತದೆ, ಕ್ಲೋರಿನ್ ನೀರು ಕಡಿಮೆ ಒಳಸೇರುತ್ತದೆ. ಎರಡನೆಯದು, ಎಣ್ಣೆ, ಬೆವರು. ಎಣ್ಣೆ ಲೈಕ್ರಾಕ್ಕೆ ಒಳ್ಳೆಯದಲ್ಲ. ಇನ್ನು ಕೊಳದಲ್ಲಿ ಮೂಗಿಗೆ ಹೊಡೆಯುವ ಘಾಟು ಇದೆಯಲ್ಲ, ಅದು ಹೆಚ್ಚು ಕ್ಲೋರಿನ್ ಹಾಕಿದ್ದರ ವಾಸನೆ ಎಂದು ನಾವು ಬಯ್ಯುತ್ತೇವೆ. ನಿಜದಲ್ಲಿ ಅದು ಕ್ಲೋರಿನ್ ನಮ್ಮ ಬೆವರು ಮತ್ತು (ಬರೆಯಲು ನಾಚಿಕೆ) ಮೂತ್ರದ ಜೊತೆ ಸೇರಿ ಆಗುವ ಕ್ಲೋರಮೈನ್‌ನ ವಾಸನೆ. ಘಾಟಿಗೆ ಕಾರಣ ನಾವೇ, ಬೈಗುಳ ಮಾತ್ರ ಕೊಳದ ವಾಚ್‌ಮನ್‌ಗೆ!

ಮೇಲೆ ಬಂದ ಕೂಡಲೇ, ಗೆಳೆಯರ ಜೊತೆ ಹರಟೆ ಹೊಡೆಯುವ ಮುಂಚೆ, ಅಲ್ಲೇ ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಬೇಕು. ಹಿಂಡಬಾರದು. ಟಾವೆಲ್‌ನಲ್ಲಿ ಇಟ್ಟು ಸುರುಳಿ ಸುತ್ತಿ ಒತ್ತಿದರೆ ನೀರು ಟಾವೆಲ್‌ಗೆ ಬರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟರೆ ಬೆಚ್ಚಗೆ, ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಮೊಳೆಗೆ ಸಿಕ್ಕಿಸಿದರೆ ನೀರಿನ ಭಾರಕ್ಕೆ ಜೋತು ಎಳೆ ಸೋಲುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಚಪ್ಪಟೆಯಾಗಿ ಹರವಬೇಕು. ಬಿಸಿಲು, ಬಿಸಿನೀರು, ಇಸ್ತ್ರಿ, ವಾಷಿಂಗ್ ಮಷೀನು ನಾಲ್ಕೂ ಬೇಡ. ತೊಳೆಯಲೇಬೇಕೆಂದರೆ ಎರಡು ಹನಿ ಶಾಂಪೂ ಸಾಕು. ಸೋಡಾ, ಬ್ಲೀಚಿಂಗ್ ಪೌಡರಿನ ಹೆಸರೂ ಎತ್ತಬೇಡಿ.

ಆಮೇಲೆ ಕಾಕಾ ಕಪಾಟಿನಿಂದ ಒಂದು ಹಳೆಯ ಡಬ್ಬಿ ತೆಗೆದರು. ಒಳಗೆ ಸಕ್ಕರೆಯಂಥ ಹರಳು. "ಹೈಪೋ!" ಎಂದರು. ನನ್ನ ಮೈ ಜುಂ ಎಂದಿತು. ಸಿನಿಮಾ ಪ್ರಿಯರೇ, ಈ ಹೈಪೋ ಇಲ್ಲದಿದ್ದರೆ ನಮ್ಮ ಹಳೆಯ ಚಿತ್ರಗಳ ಒಂದು ಫ್ರೇಮೂ ಉಳಿಯುತ್ತಿರಲಿಲ್ಲ. ರೀಲಿನ ಮೇಲೆ ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ಚಿತ್ರವನ್ನು ಗಟ್ಟಿ ಮಾಡುವುದು ಇದೇ. ಇದರ ಈ ಗುಣವನ್ನು 1819ರಲ್ಲಿ ಕಂಡವನು ಇಂಗ್ಲೆಂಡಿನ ಜಾನ್ ಹರ್ಷೆಲ್. ಅದೇ ಹರಳು, ಸೋಡಿಯಂ ಥಯೋಸಲ್ಫೇಟ್, ಕ್ಲೋರಿನ್ನಿನ ಶತ್ರು. ಮೀನು ಸಾಕುವವರು ನಳದ ನೀರಿನ ಕ್ಲೋರಿನ್ ಕಳೆಯಲು ಇದನ್ನೇ ಹಾಕುತ್ತಾರೆ. ಒಂದು ಲೀಟರ್ ನೀರಿಗೆ ಕಾಲು ಚಮಚ ಹಾಕಿ, ಜಾಲಿಸಿದ ಚಡ್ಡಿಯನ್ನು ಐದು ನಿಮಿಷ ಅದ್ದಿ, ಮತ್ತೆ ಬರೀ ನೀರಿನಲ್ಲಿ ತೆಗೆದರಾಯಿತು. ಹುಳಿ, ಆಸಿಡ್ ಮಾತ್ರ ಅದರ ಜೊತೆ ಸೇರಿಸಬೇಡಿ, ಕೆಟ್ಟ ಗಾಳಿ ಏಳುತ್ತದೆ. ವಿಟಮಿನ್ ಸಿ ಗುಳಿಗೆ ಪುಡಿ ಮಾಡಿ ಕರಗಿಸಿದರೂ ಕ್ಲೋರಿನ್ ಸಾಯುತ್ತದೆ, ಆದರೆ ಎರಡನ್ನೂ ಒಟ್ಟಿಗೆ ಹಾಕಬೇಡಿ.

ಇದು ಬೇಕೇ ಬೇಕೆ? ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಲೆಕ್ಕ ನೋಡಿ. ಸರಿಯಾಗಿ ನೋಡಿಕೊಂಡ ಕೊಳದಲ್ಲಿ ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇರುತ್ತದೆ. ಒದ್ದೆ ಚಡ್ಡಿ ನೂರು ಮಿಲಿಲೀಟರ್ ನೀರು ಹಿಡಿಯಿತೆನ್ನಿ, ಅದರಲ್ಲಿ ಕ್ಲೋರಿನ್ 0.3 ಮಿಲಿಗ್ರಾಂ ಮೀರುವುದಿಲ್ಲ. ಅಷ್ಟನ್ನು ಓಡಿಸಲು ಎರಡು ತಂಬಿಗೆ ಒಳ್ಳೆಯ ನೀರು ಧಾರಾಳ. ವಾಸನೆ ಹೋಗಲೇಬೇಕೆಂದು ಹಟ ಹಿಡಿದವರಿಗೆ ಹೈಪೋ ಇರಲಿ. ಕಾಕಾ ಮುಂದೆ ಮಾತ್ರ ನಾನು ಹೀಗೆ ಹೇಳಲಿಲ್ಲ. ಡಬ್ಬಿ ಹಿಡಿದ ಅವರ ಕಣ್ಣಲ್ಲಿ ಹಳೆಯ ಕತ್ತಲೆಕೋಣೆ ಮಿನುಗುತ್ತಿತ್ತು.

ಹೊಸದನ್ನು ಕೊಳ್ಳುವಾಗ ಲೇಬಲ್ ಓದಿ. ಇದೇ ಮುಖ್ಯ ಮಾತು, ಅಂಗಡಿಯವನು ಹೇಳುವುದಿಲ್ಲ. ನೈಲಾನ್ 80, ಸ್ಪ್ಯಾಂಡೆಕ್ಸ್ 20 ಎಂದಿದ್ದರೆ ಮೈಗೆ ಮೆತ್ತಗೆ, ಆಯುಷ್ಯ ಕಡಿಮೆ. ಪೂರ್ತಿ ಪಾಲಿಯೆಸ್ಟರ್, ಅಥವಾ ಪಾಲಿಯೆಸ್ಟರ್ ಜೊತೆ ಪಿ.ಬಿ.ಟಿ. ಎಂದಿದ್ದರೆ ಸ್ವಲ್ಪ ಬಿರುಸು, ಆದರೆ ಕ್ಲೋರಿನ್ನಿಗೆ ಬಹಳ ದಿನ ಬಗ್ಗುವುದಿಲ್ಲ. ಪಿ.ಬಿ.ಟಿ. ಕೂಡ ಪಾಲಿಯೆಸ್ಟರಿನ ಬಳಗವೇ, ಲೈಕ್ರಾ ಇಲ್ಲದೆಯೂ ಒಂದಿಷ್ಟು ಹಿಗ್ಗುತ್ತದೆ. ದೊಡ್ಡ ಈಜುಗಾರರೂ ದಿನದ ತಾಲೀಮಿಗೆ ಒಂದು, ಸ್ಪರ್ಧೆಯ ದಿನಕ್ಕೆ ಇನ್ನೊಂದು ಇಟ್ಟುಕೊಳ್ಳುತ್ತಾರೆ. ಫೈಟಿಂಗ್‌ಗೆ ಡೂಪು, ಕ್ಲೋಸಪ್ಪಿಗೆ ಹೀರೋ! ನಾನೂ ಹಾಗೇ ಮಾಡಿದೆ. ಹುಡುಗನಿಗೆ ದಿನಾ ಉಡಲು ಬಿರುಸು ಪಾಲಿಯೆಸ್ಟರಿನದೊಂದು ಕೊಡಿಸಿದೆ. ಪರೀಕ್ಷೆಗೆಂದು ಮೆತ್ತನೆಯ ಕಪ್ಪು ಬಣ್ಣದ್ದನ್ನು ಅವನೇ ಪಗಾರ ಬಂದ ಮೇಲೆ ಕೊಂಡು ಪೆಟ್ಟಿಗೆಯಲ್ಲಿಟ್ಟ.

ಕಷ್ಟ ಬಂದದ್ದು ಬೇರೆ ಕಡೆಯಿಂದ. ನಮ್ಮಲ್ಲಿ ನಳಕ್ಕೆ ನೀರು ದಿನಾ ಬರುವುದಿಲ್ಲ. ಕೆಟ್ಟ ಬೇಸಿಗೆಗಳಲ್ಲಿ ವಾರ ಕಾದದ್ದೂ ಹುಬ್ಬಳ್ಳಿ ಮಂದಿಗೆ ಹೊಸದಲ್ಲ. ಕೊಳದ ಶವರು ಕೆಟ್ಟ ದಿನ ಹುಡುಗ ಮನೆಗೆ ಬಂದು ಜಾಲಿಸಲು ನೀರು ಕೇಳಿದ. ನನ್ನ ಅಕ್ಕ ಕೊಡದ ಮೇಲೆ ಕೈಯಿಟ್ಟು ನಿಂತಳು.

"ಕುಡ್ಯಾಕ ನೀರಿಲ್ಲ, ನಿನ್ನ ಚಡ್ಡಿಗೆ ಎರಡ ತಂಬಗಿ ಬೇಕೇನೋ? ಇದನ್ನ ಕಲಿಸಿದಾಂವ ನಿಮ್ಮ ಮಾಮಾನ ಅಲ್ಲ?"

ಹುಡುಗ ಸುಮ್ಮನಿದ್ದ. ಸ್ವಲ್ಪ ಹೊತ್ತಿಗೆ ಅವಳೇ ಒಂದು ಬುಟ್ಟಿ ತಂದಿಟ್ಟಳು. "ಇದರಾಗ ಹಿಡಿ. ಆ ನೀರು ಬಚ್ಚಲಾ ತೊಳಿಯಾಕ ಬರ್ತೈತಿ" ಎಂದಳು. ಅಂದಿನಿಂದ ಎರಡು ತಂಬಿಗೆ ಮಂಜೂರಾಯಿತು. ಸೋಡಾ ಬಿಸಿನೀರಿನ ಪಾತೇಲಿಯಿಂದ ಆ ಚಡ್ಡಿಗೆ ಬಿಡುಗಡೆಯೂ ಸಿಕ್ಕಿತು. ನೆರಳಿಗೆ ಹರವಿದ್ದನ್ನು ಗಾಳಿ ಹಾರಿಸಿದರೆ ಎತ್ತಿಡುವವಳೂ ಈಗ ಅವಳೇ.

ಆ ಪಾಲಿಯೆಸ್ಟರಿಗೆ ಈಗ ಎಂಟು ತಿಂಗಳು. ಮೊನ್ನೆ ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಕೊಂಚ ಇಳಿದಿದೆ, ಬಟ್ಟೆ ಮಾತ್ರ ಗಟ್ಟಿ. ಪರೀಕ್ಷೆ ಏನಾಯಿತು ಎನ್ನುತ್ತೀರಾ? ಮೊದಲ ಸಲ ನಾಲ್ಕು ಸೆಕೆಂಡಿನಲ್ಲಿ ತಪ್ಪಿತು. ಬಿಟ್ಟ ಆ ಹದಿನೈದು ದಿನ ಇದ್ದಿದ್ದರೆ ಆಗುತ್ತಿತ್ತೇನೋ ಎಂದು ಅವನೇ ಒಂದು ಸಲ ಅಂದ, ಮತ್ತೆ ಆ ಮಾತು ತೆಗೆಯಲಿಲ್ಲ. ಮುಂದಿನ ತಿಂಗಳು ಇನ್ನೊಮ್ಮೆ ಕರೆದಿದ್ದಾರೆ. ಕಪ್ಪು ಚಡ್ಡಿ ಪೆಟ್ಟಿಗೆಯಲ್ಲೇ ಇದೆ. ನಸುಕಿನ ಬಸ್ಸಿಗೆ ಹುಡುಗ ದಿನಾ ಗಬ್ಬೂರ ಕ್ರಾಸಿನಲ್ಲಿ ನಿಂತಿರುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇಲ್ಲ, ನನ್ನ ಅಕ್ಕ ಹಳೆಯ ಲುಂಗಿಯಲ್ಲಿ ಹೊಲಿದುಕೊಟ್ಟ ಅರಿವೆಯ ಚೀಲ ಇದೆ.