ಮಾತ್ರೆ ಇಳಿಸುವವರಿಗೂ ಒಂದು ಬೆಂಚು ಬೇಕು

ಆತಂಕಕ್ಕೆ, ನಿದ್ದೆಗೆ ಮಾತ್ರೆ ಶುರು ಮಾಡಲು ಒಬ್ಬ ಡಾಕ್ಟರು, ಒಂದು ಚೀಟಿ ಸಾಕು. ಬಿಡಲು ಎಷ್ಟು ಜನ ಬೇಕು ಎಂಬ ಲೆಕ್ಕ ಯಾವ ಚೀಟಿಯಲ್ಲೂ ಇರುವುದಿಲ್ಲ. ಲೆಕ್ಕ ಹೇಳಿಕೊಡುವುದೇ ನನ್ನ ಕಸುಬಾಗಿತ್ತು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಹಾಗಾಗಿ ಈ ಲೆಕ್ಕವನ್ನೂ ನಾನೇ ಹಾಕುತ್ತೇನೆ.

ಅಣ್ಣ ತೀರಿಕೊಂಡ ವರ್ಷವೇ ನನ್ನ ವಿಷಯದಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದು ಕಾರಣ ಕೇಳಿ ನೋಟಿಸ್ ಬಂದಿತ್ತು. ರಾತ್ರಿ ಮೂರಕ್ಕೆ ಎಚ್ಚರ, ಎದೆ ಢವಢವ, ಬೆಳಿಗ್ಗೆ ತರಗತಿಯಲ್ಲಿ ಚಾಕ್‌ಪೀಸ್ ಹಿಡಿದರೆ ಕೈ ನಡುಕ. ಒಬ್ಬರು ಡಾಕ್ಟರು ಕ್ಲೊನಾಜೆಪಾಮ್ 0.5 ಬರೆದುಕೊಟ್ಟರು. "ಹದಿನೈದು ದಿನ ತೊಗೊಳ್ಳಿ ಟೀಚರ್, ಸರಿಹೋಗ್ತದೆ" ಎಂದರು. ಸರಿಯೇ ಹೋಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಹದಿನೈದನೇ ದಿನ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾತ್ರೆ ಮನೆಯ ರೇಷನ್ನಿನ ಜೊತೆ ಸೇರಿಕೊಂಡಿತು. ಮೆಡಿಕಲ್ ಸ್ಟೋರಿನ ಹುಡುಗ ದೂರದಿಂದ ನನ್ನನ್ನು ಕಂಡರೇ ಎರಡು ಸ್ಟ್ರಿಪ್ ತೆಗೆದು ಕೌಂಟರಿನ ಮೇಲಿಡುತ್ತಿದ್ದ. ಹಾಗೆ ವರ್ಷಗಳು ಕಳೆದವು.

ಕಾನೂನು ಇಲ್ಲವೆಂದಲ್ಲ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ, ಔಷಧಿ ನಿಯಮಗಳ ಎಚ್1 ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಡಯಜೆಪಾಮ್ ಮುಂತಾದ ಇದೇ ಜಾತಿಯ ಮಾತ್ರೆಗಳಿವೆ. ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್ ಇಟ್ಟು ರೋಗಿಯ ಹೆಸರು, ಬರೆದುಕೊಟ್ಟ ವೈದ್ಯರ ಹೆಸರು, ಎಷ್ಟು ಕೊಟ್ಟರೆಂಬುದು ಎಲ್ಲವನ್ನೂ ದಾಖಲಿಸಿ ಮೂರು ವರ್ಷ ಕಾಪಾಡಬೇಕು. ಚೀಟಿ ಇಲ್ಲದೆ ಕೊಡುವುದನ್ನು ತಡೆಯುವ ನಿಯಮ ಇದು, ಒಳ್ಳೆಯದೇ. ಆದರೆ ವರ್ಷಾನುಗಟ್ಟಲೆ ನುಂಗುತ್ತಿರುವವಳು ಅಂಗಡಿ ಬಾಗಿಲಿಗೆ ಬಂದಾಗ "ಇವರಿಗೆ ನಿಲ್ಲಿಸುವ ದಾರಿ ಯಾವುದು?" ಎಂದು ಆ ರಿಜಿಸ್ಟರ್ ಕೇಳುವುದಿಲ್ಲ.

ಈ ಜಾತಿಯ ಔಷಧಿಗೆ ಬೆಂಜೊಡಯಜೆಪೀನ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಗೆ ಕೆಲಸ ಮಾಡುತ್ತಿದ್ದ ರಸಾಯನಶಾಸ್ತ್ರಜ್ಞ ಲಿಯೊ ಸ್ಟರ್ನ್‌ಬಾಕ್ ಕಂಡುಹಿಡಿದ ಲಿಬ್ರಿಯಂ 1960ರಲ್ಲಿ, ವ್ಯಾಲಿಯಂ 1963ರಲ್ಲಿ ಮಾರುಕಟ್ಟೆಗೆ ಬಂದವು. ಅದಕ್ಕೆ ಮುಂಚೆ ಇದ್ದ ಬಾರ್ಬಿಟುರೇಟ್ ನಿದ್ದೆ ಮಾತ್ರೆಗಳು ಒಂದಿಷ್ಟು ಹೆಚ್ಚಾದರೂ ಜೀವ ತೆಗೆಯುತ್ತಿದ್ದವು. ಹಾಗಾಗಿ ಇವು ಬಂದಾಗ ಎಲ್ಲರೂ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ನಮ್ಮ ಮಿದುಳಿನಲ್ಲಿ ಉದ್ವೇಗವನ್ನು ತಣಿಸುವ ಗಾಬಾ ಎಂಬ ರಾಸಾಯನಿಕವಿದೆ. ಈ ಮಾತ್ರೆ ಅದರ ಕೆಲಸಕ್ಕೆ ಬಲ ಕೊಡುತ್ತದೆ. ಹೊರಗಿನಿಂದ ದಿನವೂ ಬಲ ಬರುತ್ತಿದ್ದರೆ ಮಿದುಳು ತನ್ನ ಕಡೆಯ ಏರ್ಪಾಟನ್ನು ಸಡಿಲ ಮಾಡಿಕೊಳ್ಳುತ್ತದೆ. ಆಮೇಲೆ ಒಂದು ದಿನ ಥಟ್ಟನೆ ನಿಲ್ಲಿಸಿದರೆ ತಡೆಯುವವರೇ ಇಲ್ಲ. ನಿದ್ದೆ ಕೆಡುತ್ತದೆ, ಮೈ ಬೆವರುತ್ತದೆ, ಸ್ನಾಯು ಅದುರುತ್ತವೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಜೀವಕ್ಕೂ ಅಪಾಯ. ಆದ್ದರಿಂದ ಈ ಲೇಖನ ಓದಿ ಯಾರೂ ಇವತ್ತು ರಾತ್ರಿ ಮಾತ್ರೆ ಬಿಡಬೇಡಿ. ಮೂರ್ಛೆ ರೋಗಕ್ಕೆಂದು ಕ್ಲೊನಾಜೆಪಾಮ್ ತೆಗೆದುಕೊಳ್ಳುವವರಿಗಂತೂ ನನ್ನ ಮಾತು ಸಂಬಂಧಿಸಿದ್ದೇ ಅಲ್ಲ.

ಹೇಗೆ ಬಿಡಬೇಕು ಎಂಬುದನ್ನು ಕಾಳಜಿಯಿಂದ ಬರೆದಿಟ್ಟವರು ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯೆ, ಪ್ರೊಫೆಸರ್ ಹೆದರ್ ಆಶ್ಟನ್. 1982ರಿಂದ 1994ರವರೆಗೆ ಈ ಮಾತ್ರೆ ಬಿಡುವವರಿಗಾಗಿಯೇ ಕ್ಲಿನಿಕ್ ನಡೆಸಿದರು. ಅವರು ಹುಟ್ಟಿದ್ದು ನಮ್ಮ ಡೆಹ್ರಾಡೂನಿನಲ್ಲಿ. ಭಾರತದ ಕಾಡುಗಳನ್ನು ವರ್ಗೀಕರಿಸಿದ ಹ್ಯಾರಿ ಚಾಂಪಿಯನ್ ಅವರ ಮಗಳು. ನಮ್ಮ ಅರಣ್ಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಅಪ್ಪನ ಹೆಸರು ಓದುತ್ತಾರೆ, ಮಗಳ ಹೆಸರು ನಮ್ಮ ಆಸ್ಪತ್ರೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಆಶ್ಟನ್ ಅವರ ವಿಶೇಷವೇನೆಂದರೆ, ತನಗೆ ಈ ವಿದ್ಯೆ ಕಲಿಸಿದ್ದು ರೋಗಿಗಳೇ ಎಂದು ಒಪ್ಪಿಕೊಂಡದ್ದು. ಆಗ ಬ್ರಿಟನ್ನಿನಲ್ಲಿ ಮಾತ್ರೆ ಬಿಡುತ್ತಿದ್ದ ಸಾಮಾನ್ಯ ಜನ, ಹೆಚ್ಚಾಗಿ ಗೃಹಿಣಿಯರು, ತಾವೇ ಗುಂಪು ಕಟ್ಟಿಕೊಂಡು ದನಿ ಎತ್ತಿದ್ದರು. 1988ರಲ್ಲಿ ಅಲ್ಲಿನ ಔಷಧಿ ಸುರಕ್ಷತಾ ಸಮಿತಿ, ಇದನ್ನು ಎರಡರಿಂದ ನಾಲ್ಕು ವಾರಕ್ಕಿಂತ ಹೆಚ್ಚು ಕೊಡಬೇಡಿ ಎಂದಿತು.

ಇನ್ನು ಇಳಿಸುವ ಲೆಕ್ಕ. ಇದು ನನಗೆ ಇಷ್ಟವಾದ ಭಾಗ, ಸ್ವಲ್ಪ ತಾಳ್ಮೆಯಿಂದ ಓದಿ. ಅಮೆರಿಕದ ವೈದ್ಯ ಸಂಘಗಳು 2025ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಶುರುವಿನಲ್ಲಿ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸಬೇಕು. ಎರಡು ವಾರಕ್ಕೆ ಶೇ 25 ದಾಟಬಾರದು. ಯಾವುದರ ಶೇಕಡ ಹತ್ತು? ಮೊದಲ ಡೋಸಿನದ್ದೆಂದು ಹಿಡಿದರೆ 0.5 ಮಿಲಿಗ್ರಾಂ ಪ್ರತಿ ಸಲ 0.05 ಇಳಿದು ಹತ್ತು ಮೆಟ್ಟಿಲಲ್ಲಿ ಸೊನ್ನೆ. ಕಾಗದದ ಮೇಲೆ ಚೆಂದ. ಆದರೆ 0.10ರಿಂದ 0.05ಕ್ಕೆ ಇಳಿದಾಗ ಮೈಗೆ ತಪ್ಪಿದ್ದು ಅರ್ಧಕ್ಕರ್ಧ. ಅದಕ್ಕೇ ಬಹಳ ಜನ ಕೊನೆಯಲ್ಲಿ ಮುಗ್ಗರಿಸುತ್ತಾರೆ. ಆಗಾಗಿನ ಡೋಸಿನ ಶೇಕಡ ಹತ್ತು ಎಂದು ಹಿಡಿದರೆ 0.45, 0.405, 0.365 ಎಂದು ಇಳಿಯುತ್ತದೆ, ಚಕ್ರಬಡ್ಡಿಯನ್ನು ಹಿಂದುಮುಂದು ಮಾಡಿದ ಹಾಗೆ. ಅರ್ಧಕ್ಕೆ ಬರಲು ಏಳು ಮೆಟ್ಟಿಲು ಬೇಕು. ತಿಂಗಳಿಗೊಂದು ಮೆಟ್ಟಿಲಾದರೆ ಅಲ್ಲಿಗೇ ಏಳು ತಿಂಗಳು. "ಇಷ್ಟು ಪುಟ್ಟ ಮಾತ್ರೆಗೆ ಇಷ್ಟು ರಾಮಾಯಣವೇ?" ಎಂದು ನನ್ನ ಅತ್ತಿಗೆ ನಕ್ಕರು. ಆಶ್ಟನ್ ಅವರ ಪಟ್ಟಿಯಲ್ಲಿ ಆ ಪುಟ್ಟ 0.5 ಕ್ಲೊನಾಜೆಪಾಮ್, 10 ಮಿಲಿಗ್ರಾಂ ವ್ಯಾಲಿಯಂಗೆ ಸಮ.

ಲೆಕ್ಕ ಸರಿಯಿದ್ದರೂ ಮಾತ್ರೆ ಲೆಕ್ಕದಂತೆ ತುಂಡಾಗಬೇಕಲ್ಲ. ನಮ್ಮೂರಿನಲ್ಲಿ ಸಿಗುವುದು 0.5 ಮತ್ತು 0.25. ನಾಲಿಗೆಯ ಮೇಲೆ ಕರಗುವ ಬಗೆಯನ್ನು ಬ್ಲೇಡಿನಲ್ಲಿ ಕತ್ತರಿಸಲು ಹೋದರೆ ಪುಡಿಯಾಗುತ್ತದೆ. ಆಲ್‌ಪ್ರಜೋಲಾಮಿನಲ್ಲಿ ನಿಧಾನವಾಗಿ ಕರಗುವ ಬಗೆಯೂ ಇದೆ, ಅದನ್ನು ಮುರಿಯಲೇಬಾರದು. ಜಗತ್ತಿನಲ್ಲೇ ಅತಿ ಹೆಚ್ಚು ಮಾತ್ರೆ ತಯಾರಿಸುವ ದೇಶಗಳಲ್ಲಿ ಒಂದು ನಮ್ಮದು. ಏರಿಸಲು 1, 2 ಮಿಲಿಗ್ರಾಂ ಮಾಡಿಕೊಡುವ ಕಂಪನಿಗಳಿಗೆ ಇಳಿಸಲು 0.05 ಮಾಡಿಕೊಡುವುದು ಆಗದ ಕೆಲಸವೇ? ಬಿಡುವವರಿಗೆಂದು ಕಡಿಮೆ ಪ್ರಮಾಣದ ಮಾತ್ರೆ ತಯಾರಿಸಿದರೆ ಲಾಭ ಕಡಿಮೆ ಎಂಬುದು ನನಗೂ ಗೊತ್ತಾಗುತ್ತದೆ.

ನಾನು ಇಳಿಸಲು ಹೊರಟಾಗ ಹಾಸನದ ಮನೋವೈದ್ಯರೊಬ್ಬರು ನಿಧಾನಕ್ಕೆ ಒಪ್ಪಿದರು, ಅದು ನನ್ನ ಪುಣ್ಯ. ಆದರೆ ಅವರು ಸಿಗುವುದು ತಿಂಗಳಿಗೊಮ್ಮೆ, ಐದು ನಿಮಿಷ. ಉಳಿದ ದಿನಗಳನ್ನು ದಾಟಿಸಿದ್ದು ಅವರ ಕೋಣೆಯ ಹೊರಗಿದ್ದ ಬೆಂಚು. ಅಲ್ಲಿ ಸರದಿ ಕಾಯುವಾಗ ಪಕ್ಕದಲ್ಲಿ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಕೂತಿದ್ದರು, ಮಾತಾಡಿಸಿದೆ. ಅವರದೂ ಇದೇ ಮಾತ್ರೆ, ನೈಟ್ ಡ್ಯೂಟಿಯ ಕಾಲದಿಂದ. ನಮ್ಮೂರಿನ ಬಸ್ಸಿನಲ್ಲೇ ವಾಪಸಾದಾಗ ಕೊಬ್ಬರಿ ಮಂಡಿಯ ಸಾವ್ಕಾರರ ಹೆಂಡತಿ ಸಿಕ್ಕರು. ಮಾತ್ರೆಯ ಮಂಪರಿನಲ್ಲಿ ರಾತ್ರಿ ಬಚ್ಚಲಲ್ಲಿ ಬಿದ್ದು ಕೈ ಮುರಿದುಕೊಂಡ ಮೇಲೆ ಡಾಕ್ಟರು ಅವರಿಗೆ ಇಳಿಸಿ ಎಂದಿದ್ದರಂತೆ. ವಯಸ್ಸಾದವರಿಗೆ ಈ ಮಾತ್ರೆಯಿಂದ ಬೀಳುವ ಅಪಾಯ ಹೆಚ್ಚು ಎಂಬುದು ವೈದ್ಯರಿಗೆಲ್ಲ ಗೊತ್ತಿರುವ ವಿಷಯ. ಆಮೇಲೆ ಒಬ್ಬ ಅಂಗನವಾಡಿ ಕಾರ್ಯಕರ್ತೆ ಸೇರಿದಳು. ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಕಾಫಿ, ಒಂದು ನೋಟ್‌ಬುಕ್. ಅಷ್ಟೇ ನಮ್ಮ ಸಂಘ, ಅದಕ್ಕೆ ಹೆಸರೂ ಇಲ್ಲ.

ಅಲ್ಲಿ ಏನಾಗುತ್ತಿತ್ತು ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮಿಕ್ಸಿಯ ಸದ್ದು ತಲೆಯೊಳಗೇ ತಿರುಗಿದಂತಾಗುತ್ತದೆ ಎಂದು ನಾನು ಹೇಳಿದೆ. ಮನೆಯಲ್ಲಿ ಹೇಳಿದಾಗ "ನಿನಗೆ ಎಲ್ಲ ಜಾಸ್ತಿ" ಎಂದಿದ್ದರು. ಗಾರ್ಡ್ ಸಾರ್ ಮಾತ್ರ, "ಟೀಚರ್, ನನಗೆ ಕುಕ್ಕರ್ ವಿಷಲ್ ಕೇಳಿದ್ರೆ ಅಳು ಬರ್ತಿತ್ತು. ಜೀವಮಾನವೆಲ್ಲ ವಿಷಲ್ ಊದಿದವನು ನಾನು. ಮೂರು ವಾರಕ್ಕೆ ಹೋಯ್ತು" ಎಂದರು. ಆ ಮೂರು ವಾರ ಎಂಬ ಮಾತು ನನಗೆ ಯಾವ ಪುಸ್ತಕಕ್ಕಿಂತ ಹೆಚ್ಚು ಕೆಲಸ ಮಾಡಿತು. ಮಾತ್ರೆ ಇಳಿಸುವವರ ದೊಡ್ಡ ಭಯ, ಹಳೇ ಕಾಯಿಲೆ ವಾಪಸ್ ಬಂತು ಎಂಬುದು. ಆ ಭಯಕ್ಕೇ ಮಾತ್ರೆ ಮತ್ತೆ ಏರುತ್ತದೆ. ಇದು ಕಾಯಿಲೆಯಲ್ಲ, ಇಳಿತದ ಗಲಾಟೆ ಎಂದು ಡಾಕ್ಟರು ಹೇಳಿದರೆ ಅರ್ಧ ನಂಬುತ್ತೇವೆ, ಅದೇ ಗಲಾಟೆ ದಾಟಿ ಬಂದು ಎದುರಿಗೆ ಚಕ್ಕುಲಿ ಮುರಿಯುತ್ತಾ ಕೂತವರು ಹೇಳಿದರೆ ಪೂರ್ತಿ ನಂಬುತ್ತೇವೆ.

ಒಂದಷ್ಟು ಕಟ್ಟಳೆಯನ್ನೂ ಮಾಡಿಕೊಂಡೆವು. ಒಬ್ಬರ ಡೋಸ್ ಇನ್ನೊಬ್ಬರು ಹೇಳಬಾರದು, ಅದು ಡಾಕ್ಟರ ಕೆಲಸ. ಯಾರು ಬೇಗ ಇಳಿಸಿದರು ಎಂಬ ಪೈಪೋಟಿ ಬೇಡ. ಮನೆಯಲ್ಲಿ ಮದುವೆ, ತಿಥಿ, ಹಬ್ಬ ಇದ್ದರೆ ಆ ತಿಂಗಳು ಇಳಿಸುವ ಮಾತನ್ನು ಡಾಕ್ಟರ ಹತ್ತಿರ ಮುಂದಕ್ಕೆ ಹಾಕಿಸಿಕೊಳ್ಳಬೇಕು. ಎದೆ ನೋವು ಎಂದರೆ ನಮ್ಮ ಹತ್ತಿರ ಅಲ್ಲ, ಇಸಿಜಿಗೆ ಹೋಗಬೇಕು. ಕುಡಿಯುವ ಅಭ್ಯಾಸವಿದ್ದರೆ ನಾಚಿಕೆಪಡದೆ ಹೇಳಬೇಕು. ಮದ್ಯದ ಜೊತೆ ಈ ಮಾತ್ರೆ ಸೇರಿದರೆ ಉಸಿರೇ ನಿಲ್ಲಬಹುದು. ರಾತ್ರಿ ಮೂರಕ್ಕೆ ಎಚ್ಚರವಾದರೆ ಫೋನ್ ಮಾಡಬಹುದು. ಈ ಕಡೆಯದನ್ನು ಹೆಚ್ಚು ಬಳಸಿದವಳು ನಾನೇ. ಗಾರ್ಡ್ ಸಾರ್ ಹೇಗೂ ಎದ್ದಿರುತ್ತಿದ್ದರು, ಯಾವ ರೈಲು ಎಷ್ಟು ಲೇಟು ಎಂದು ಹೇಳುತ್ತಿದ್ದರು.

ಗುಂಪು ಅಂದರೆ ಎಲ್ಲವೂ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ನಡುವೆ ಒಬ್ಬಾಕೆ ಬಂದರು, ಮೊಬೈಲಿನಲ್ಲಿ ಓದಿದ ಭೀಕರ ಕತೆಗಳೆಲ್ಲ ಅವರಿಗೆ ಬಾಯಿಪಾಠ. ಬಿಟ್ಟವರು ವರ್ಷಗಟ್ಟಲೆ ಹಾಸಿಗೆ ಹಿಡಿದರು, ಕಣ್ಣು ಹೋಯಿತು, ಹೀಗೆ. ಆ ಭಾನುವಾರ ಯಾರಿಗೂ ನಿದ್ದೆ ಬರಲಿಲ್ಲ. ಇನ್ನೊಬ್ಬರು ಅಶ್ವಗಂಧ ತಂದು ಹಂಚಿ, ಪ್ರಾಣಾಯಾಮ ಮಾಡಿ ನಾಳೆಯಿಂದಲೇ ಎಸೆದುಬಿಡಿ ಎಂದರು. ಪ್ರಾಣಾಯಾಮದ ಬಗ್ಗೆ ನನ್ನ ತಕರಾರಿಲ್ಲ, ದಿನವೂ ಮಾಡುತ್ತೇನೆ. ಎಸೆದುಬಿಡಿ ಎಂಬ ಮಾತಿಗೆ ಮಾತ್ರ ತಕರಾರು. ಭಯ ಬಿತ್ತುವವರು, ಧೈರ್ಯ ಬಿತ್ತುವವರು ಇಬ್ಬರೂ ಅಪಾಯಕಾರಿಗಳಾಗುವ ಜಾಗ ಇದು. ಆದ್ದರಿಂದಲೇ ಗುಂಪು ಜಗಲಿಯಲ್ಲಿ ಅಲ್ಲ, ಆಸ್ಪತ್ರೆಯ ಆವರಣದಲ್ಲಿ, ಕೂಗಿದರೆ ನರ್ಸಿಗೆ ಕೇಳುವಷ್ಟು ಹತ್ತಿರದಲ್ಲಿ ಕೂರಬೇಕು ಎನ್ನುತ್ತೇನೆ.

ಇದು ಕೇವಲ ಒಬ್ಬ ಟೀಚರಿನ ಅನುಭವ ಎನ್ನುವವರಿಗೆ ಕೆನಡಾದ ಕ್ವಿಬೆಕ್‌ನ ಒಂದು ಪ್ರಯೋಗವನ್ನು ನೆನಪಿಸುತ್ತೇನೆ. 2014ರಲ್ಲಿ ಪ್ರಕಟವಾದದ್ದು. ದೀರ್ಘಕಾಲದಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದ ವಯಸ್ಸಾದವರಿಗೆ ಒಂದು ಕಿರುಹೊತ್ತಿಗೆ ಕೊಟ್ಟರು. ಮಾತ್ರೆಯ ಅಪಾಯ, ಹಂತಹಂತವಾಗಿ ಇಳಿಸುವ ಚಿತ್ರಪಟ, ಜೊತೆಗೆ ಇಳಿಸಿ ಗೆದ್ದ ಅವರಂಥದೇ ಒಬ್ಬರ ಕತೆ. ಆರು ತಿಂಗಳಲ್ಲಿ ಶೇ 27ರಷ್ಟು ಜನ ಪೂರ್ತಿ ಬಿಟ್ಟಿದ್ದರು. ಹೊತ್ತಿಗೆ ಸಿಗದವರಲ್ಲಿ ಬಿಟ್ಟವರು ಶೇ 5 ಮಾತ್ರ. ಕಾಗದದ ಮೇಲಿನ ಕತೆ ಜೊತೆಗಿದ್ದೇ ಇಷ್ಟಾದರೆ, ಆ ಕತೆಯ ಮನುಷ್ಯರೇ ಪಕ್ಕದಲ್ಲಿ ಕೂತರೆ ಏನಾದೀತು ಎಂದು ನೋಡಬಾರದೇಕೆ?

ನೋಡಲು ಹೊಸ ಕಟ್ಟಡ ಬೇಡ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುವ ಪದ್ಧತಿ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಜಿಲ್ಲಾ ಮಾದರಿಯನ್ನು ಇಡೀ ದೇಶ ನಕಲು ಮಾಡಿತು. ಫೋನಿನಲ್ಲಿ ಮಾತಾಡಲು 2022ರಿಂದ 14416 ಸಂಖ್ಯೆಯ ಟೆಲಿ ಮಾನಸ್ ಇದೆ, ಕನ್ನಡದಲ್ಲೇ ಮಾತಾಡಬಹುದು. ಇಷ್ಟೆಲ್ಲ ಇರುವ ನಾಡಿನಲ್ಲಿ ಮಾತ್ರೆ ಇಳಿಸುವವರು ಒಬ್ಬರನ್ನೊಬ್ಬರು ಕಂಡುಕೊಳ್ಳುವುದು ಬಸ್ ಸೀಟಿನ ಆಕಸ್ಮಿಕಕ್ಕೆ ಬಿಟ್ಟ ವಿಷಯವಾಗಿರಬಾರದು.

ವೈದ್ಯರು ಆಕ್ಷೇಪಿಸಬಹುದು: ಎಲ್ಲರೂ ಬಿಡಬೇಕೇ? ಇಲ್ಲ. ಗಾರ್ಡ್ ಸಾರ್ ಕಾಲು ಮಾತ್ರೆಗೆ ಬಂದು ಅಲ್ಲೇ ನಿಂತಿದ್ದಾರೆ. ಅವರೂ ಡಾಕ್ಟರೂ ಕೂತು ಮಾಡಿದ ತೀರ್ಮಾನ ಅದು. ಅವರು ಸೋತರೆಂದು ನಮ್ಮ ಜಗಲಿಯಲ್ಲಿ ಯಾರೂ ಹೇಳುವುದಿಲ್ಲ. ಸಾವ್ಕಾರರ ಹೆಂಡತಿ ಪೂರ್ತಿ ಬಿಟ್ಟಿದ್ದಾರೆ, ಈಗ ನಮ್ಮೆಲ್ಲರಿಗಿಂತ ಜೋರಾಗಿ ಮಾತಾಡುತ್ತಾರೆ. ಅಂಗನವಾಡಿಯಾಕೆ ಒಮ್ಮೆ ಏರಿಸಿ ಮತ್ತೆ ಇಳಿಸುತ್ತಿದ್ದಾಳೆ. ನಾನು ಬಿಟ್ಟಿದ್ದೇನೆ, ಮೂರಕ್ಕೆ ಎಚ್ಚರ ಈಗಲೂ ಒಮ್ಮೊಮ್ಮೆ ಆಗುತ್ತದೆ.

ಈ ಬಗ್ಗೆ ಒಬ್ಬ ಅಧಿಕಾರಿಯನ್ನು ಕೇಳಿದಾಗ "ಜಾಗ ಇದೆ ಮೇಡಂ, ಆದೇಶ ಬೇಕು" ಎಂದರು. ಹಾಗಿದ್ದರೆ ಆದೇಶವನ್ನೇ ಕೇಳುತ್ತೇನೆ. ನಾಲ್ಕು ಸಾಲು ಸಾಕು. ಈ ಮಾತ್ರೆಯ ಚೀಟಿ ಬರೆದವರು ಅದರ ಮೇಲೆಯೇ ಮುಂದಿನ ಪರಿಶೀಲನೆಯ ದಿನಾಂಕ ಬರೆಯಬೇಕು. ಮಂಗಳವಾರದ ಕ್ಲಿನಿಕ್ಕಿನಲ್ಲಿ ಮಾತ್ರೆ ಇಳಿಸುವವರಿಗೆ ಮಧ್ಯಾಹ್ನದ ಒಂದು ಗಂಟೆ ಮೀಸಲಿಡಬೇಕು. ಆಪ್ತಸಮಾಲೋಚಕರೊಬ್ಬರು ಮೂಲೆಯಲ್ಲಿ ಕೂತಿರಬೇಕು, ಮಾತು ನಮಗೆ ಬಿಡಬೇಕು. ಕೂರಲು ಎರಡು ಬೆಂಚು, ಮೇಲೆ ತಿರುಗುವ ಒಂದು ಫ್ಯಾನ್ ಕೊಡಬೇಕು. ಫ್ಯಾನ್ ಮಾತ್ರ ಮರೆಯಬೇಡಿ, ಮಾತ್ರೆ ಇಳಿಯುವಾಗ ವಿಪರೀತ ಬೆವರುತ್ತದೆ.