ಎರಡನೇ ಬಾಣಂತನ: ಅನುಭವವಿದೆ, ಆಸರೆ ಎಲ್ಲಿದೆ?

ಚೊಚ್ಚಲ ಹೆರಿಗೆಯೆಂದರೆ ತವರಿನಲ್ಲಿ ಸಡಗರ. ಸೀಮಂತ, ಎಣ್ಣೆ-ನೀರು, ತಿಂಗಳುಗಟ್ಟಲೆ ಬಾಣಂತನ. ಎರಡನೆಯ ಬಾರಿಗೆ ಈ ಸಡಗರ ಅರ್ಧಕ್ಕಿಳಿಯುವುದು ಬಹುತೇಕ ಮನೆಗಳ ವಾಡಿಕೆ. ‘ಒಮ್ಮೆ ಹೆತ್ತವಳು, ಅವಳಿಗೆ ಎಲ್ಲ ಗೊತ್ತು’ ಎಂಬುದು ಸಿದ್ಧ ಸಮಜಾಯಿಷಿ. ಮಗುವಿಗೆ ಹಾಲೂಡಿಸುವ, ಸ್ನಾನ ಮಾಡಿಸುವ ಮಟ್ಟಿಗೆ ಈ ಮಾತು ನಿಜವಿರಬಹುದು. ತಾಯಿಯ ಮನಸ್ಸಿನ ಮಟ್ಟಿಗೆ ಮಾತ್ರ ಇದು ಅಪಾಯಕಾರಿ ತಪ್ಪುಕಲ್ಪನೆ.

ಹೆರಿಗೆಯಾದ ಎರಡು-ಮೂರು ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು, ಸಿಡುಕುವುದು ಸಾಮಾನ್ಯ. ಎರಡು ವಾರಗಳೊಳಗೆ ಅದು ತಾನಾಗಿ ಶಮನವಾಗುತ್ತದೆ. ಅದಕ್ಕೂ ಮೀರಿ ಮುಂದುವರಿಯುವ ಬೇಸರ, ನಿರಾಸಕ್ತಿ, ‘ನಾನು ಒಳ್ಳೆಯ ತಾಯಿಯಲ್ಲ’ ಎಂಬ ಕೊರಗು ಪ್ರಸವಾನಂತರದ ಖಿನ್ನತೆಯ ಲಕ್ಷಣ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಇದು ಸುಮಾರು ಶೇ 22ರಷ್ಟು ತಾಯಂದಿರನ್ನು ಕಾಡುತ್ತದೆ.

ಮೊದಲು ಭಯ, ಆಮೇಲೆ ದಣಿವು

ಮೊದಲ ಮಗುವಿನ ತಾಯಿಯನ್ನು ಕಾಡುವುದು ಹೊಸತನದ ಭಯ. ಹಾಲು ಸಾಲುತ್ತಿದೆಯೇ, ಮಗು ಉಸಿರಾಡುತ್ತಿದೆಯೇ ಎಂಬ ಆತಂಕ. ಉದ್ಯೋಗ, ಸ್ವಾತಂತ್ರ್ಯ ಕೈಜಾರಿದವೆಂಬ ಅಳುಕು. ಮೊದಲ ಹೆರಿಗೆಯ ನಂತರದ ಕೆಲವು ವಾರಗಳಲ್ಲಿ ಗಂಭೀರ ಮಾನಸಿಕ ಅಸ್ವಸ್ಥತೆಯ ಸಂಭವ ಹೆಚ್ಚೆಂದು ಡೆನ್ಮಾರ್ಕ್‌ನ 2006ರ ಅಧ್ಯಯನ ತೋರಿಸಿತ್ತು.

ಎರಡನೇ ಬಾರಿ ಭಯ ತಗ್ಗುತ್ತದೆ. ಮೊದಲ ಸಲ ಕಂಗೆಟ್ಟಿದ್ದ ಎಷ್ಟೋ ತಾಯಂದಿರು ಈ ಬಾರಿ ನೆಮ್ಮದಿ ಕಾಣುವುದೂ ಉಂಟು. ಆದರೆ ಭಯದ ಜಾಗಕ್ಕೆ ಬೇರೆ ಭಾವನೆಗಳು ಬಂದು ಕೂರುತ್ತವೆ. ಗರ್ಭಕೋಶ ಸಂಕುಚಿಸುವಾಗಿನ ನೋವು ಎರಡನೇ ಹೆರಿಗೆಯ ಬಳಿಕ ಸಾಮಾನ್ಯವಾಗಿ ಹೆಚ್ಚು. ಕೂಸು ಮಲಗಿದಾಗ ತಾನೂ ಮಲಗೋಣವೆಂದರೆ ದೊಡ್ಡ ಮಗು ಎದ್ದಿರುತ್ತದೆ. ಅದು ಮುನಿಸಿಕೊಂಡರೆ, ಹಾಸಿಗೆ ಒದ್ದೆ ಮಾಡತೊಡಗಿದರೆ ತಾಯಿಗೆ ತಪ್ಪಿತಸ್ಥ ಭಾವ. ಮೊದಲನೆಯದರ ಮೇಲೆ ಉಕ್ಕಿದ್ದ ಅಕ್ಕರೆ ಎರಡನೆಯದರ ಮೇಲೆ ಒಡನೆಯೇ ಉಕ್ಕದಿದ್ದರೆ ಇನ್ನೊಂದು ಕೊರಗು. ‘ಅನುಭವಸ್ಥೆ’ ಎಂಬ ಪಟ್ಟ ಹೊತ್ತವಳು ಇದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಮೊದಲ ಹೆರಿಗೆಯಲ್ಲಿ ಖಿನ್ನತೆಗೆ ಒಳಗಾಗಿದ್ದವರ ವಿಷಯದಲ್ಲಿ ಎಚ್ಚರ ಇನ್ನೂ ಅಗತ್ಯ. ಡೆನ್ಮಾರ್ಕ್‌ನ 2017ರ ಮತ್ತೊಂದು ಅಧ್ಯಯನದಲ್ಲಿ, ಮೊದಲ ಸಲ ಇದಕ್ಕಾಗಿ ಆಸ್ಪತ್ರೆಯ ಚಿಕಿತ್ಸೆ ಪಡೆದವರ ಪೈಕಿ ಸುಮಾರು ಶೇ 21ರಷ್ಟು ಮಂದಿಗೆ ಮುಂದಿನ ಹೆರಿಗೆಯ ನಂತರ ಅದು ಮರುಕಳಿಸಿತ್ತು. ಮರುಕಳಿಸದವರೇ ಹೆಚ್ಚು ಎಂಬುದು ಸಮಾಧಾನದ ಸಂಗತಿ. ಆದರೆ ಯಾರ ಮೇಲೆ ಮೊದಲೇ ನಿಗಾ ಇಡಬೇಕೆಂಬುದು ಇದರಿಂದ ಸ್ಪಷ್ಟ.

‘ಈ ಬಾರಿಯಾದರೂ ಗಂಡು’

ನಮ್ಮಲ್ಲಿ ಎರಡನೇ ಹೆರಿಗೆಗೆ ಅಂಟಿಕೊಂಡ ಭಾರ ಇನ್ನೊಂದಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಂದರೆ ಅನೇಕ ಕುಟುಂಬಗಳಿಗೆ ಎರಡನೆಯದೇ ಕೊನೆಯ ಮಗು. ಗಂಡು ಸಂತಾನದ ನಿರೀಕ್ಷೆಯೆಲ್ಲ ಆ ಒಂದು ಹೆರಿಗೆಯ ಮೇಲೆ. ಗಂಡು ಬಯಸಿದಾಗ ಹೆಣ್ಣು ಹುಟ್ಟುವುದು, ಅತ್ತೆಯೊಂದಿಗಿನ ವೈಮನಸ್ಯ, ನೆರವಿಗೆ ಜನರಿಲ್ಲದಿರುವುದು ಖಿನ್ನತೆಗೆ ದಾರಿಯಾಗುತ್ತವೆಂದು ತಮಿಳುನಾಡಿನ ಗ್ರಾಮೀಣ ತಾಯಂದಿರ ಕುರಿತ 2002ರ ಅಧ್ಯಯನ ಗುರುತಿಸಿತ್ತು. ಅದೇ ವರ್ಷ ಪ್ರಕಟವಾದ ಗೋವಾದ ಅಧ್ಯಯನವೂ ಮಗುವಿನ ಲಿಂಗದ ಪ್ರಭಾವವನ್ನು ದೃಢಪಡಿಸಿತ್ತು.

ಸರ್ಕಾರದ ನಿಲುವೂ ಏಕರೂಪವಾಗಿಲ್ಲ. ಹೆರಿಗೆ ರಜೆಯ ಕಾನೂನು 2017ರ ತಿದ್ದುಪಡಿಯಲ್ಲಿ ಮೊದಲ ಎರಡೂ ಮಕ್ಕಳಿಗೆ 26 ವಾರಗಳನ್ನು ನೀಡಿತು. ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಾದರೋ ಮೊದಲ ಮಗುವಿಗೆ 5,000 ರೂಪಾಯಿ. ಎರಡನೆಯದು ಹೆಣ್ಣಾದರೆ ಮಾತ್ರ 6,000 ರೂಪಾಯಿ. ಹೆಣ್ಣುಮಗುವಿಗೆ ಉತ್ತೇಜನ ನೀಡುವ ಉದ್ದೇಶ ಸ್ವಾಗತಾರ್ಹವೇ. ಆದರೆ ಎರಡನೇ ಬಾಣಂತಿಗೂ ವಿಶ್ರಾಂತಿ, ಪೌಷ್ಟಿಕ ಆಹಾರ ಬೇಕೆಂಬುದು ಮಗುವಿನ ಲಿಂಗವನ್ನು ಅವಲಂಬಿಸಿಲ್ಲ.

ಕೇಳಬೇಕಾದ ಪ್ರಶ್ನೆ

ಪರಿಹಾರಕ್ಕೆ ಹೊಸ ವ್ಯವಸ್ಥೆಯೇನೂ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ ಆರು ಬಾರಿ ಭೇಟಿ ನೀಡಬೇಕೆಂಬ ನಿಯಮವಿದೆ. ಆ ಭೇಟಿಗಳಲ್ಲಿ ಮಗುವಿನ ತೂಕದೊಂದಿಗೆ ತಾಯಿಯ ಮನಸ್ಸನ್ನೂ ವಿಚಾರಿಸಬಹುದು. 1987ರಲ್ಲಿ ರೂಪುಗೊಂಡ ಎಡಿನ್‌ಬರೊ ಪ್ರಶ್ನಾವಳಿಯಲ್ಲಿರುವುದು ಹತ್ತೇ ಪ್ರಶ್ನೆಗಳು. ‘ಹಿಂದಿನ ಹೆರಿಗೆಯ ನಂತರ ಹೇಗಿದ್ದಿರಿ?’ ಎಂಬ ಹನ್ನೊಂದನೆಯದನ್ನು ಸೇರಿಸಿದರೆ ಸಾಕು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕ 2009ರಿಂದಲೇ ಇದೆ. ಟೆಲಿ-ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಸಲಹೆ ಪಡೆಯಬಹುದು. ನಿದ್ದೆಯೇ ಇಲ್ಲದೆ ಅಸಂಬದ್ಧವಾಗಿ ಮಾತನಾಡುವುದು, ತನಗೆ ಅಥವಾ ಮಗುವಿಗೆ ಹಾನಿ ಮಾಡಿಕೊಳ್ಳುವ ಮಾತಾಡುವುದು ಕಂಡುಬಂದರೆ ‘ಬಾಣಂತಿ ಸನ್ನಿ’ ಎಂದು ಹರಕೆ ಹೊತ್ತು ಕೂರದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಉಳಿದದ್ದು ಮನೆಯವರ ಹೊಣೆ. ದೊಡ್ಡ ಮಗುವನ್ನು ಶಾಲೆಗೆ ಬಿಡುವುದು, ರಾತ್ರಿ ಕೂಸನ್ನು ಒಂದಷ್ಟು ಹೊತ್ತು ಎತ್ತಿಕೊಳ್ಳುವುದು ಗಂಡನಿಂದ ಆಗದ ಕೆಲಸಗಳಲ್ಲ. ಎರಡನೇ ಬಾರಿ ಹೆತ್ತವಳಿಗೆ ಸಲಹೆ ಕಡಿಮೆ ಸಾಕು; ಸಹಾಯ ಮಾತ್ರ ಹೆಚ್ಚು ಬೇಕು.